ಕೆರೆಗಿಂತ ಹಳೆಯ ಊರು: ದಸರಾ ರಜೆಗೆ ಊಟಿಗೆ ಬರುವವರಿಗೆ

ಪ್ರಶ್ನೆ: ನಾವು ತುಮಕೂರಿನವರು. ದಸರಾ ರಜೆಯಲ್ಲಿ ಸ್ವಂತ ಕಾರಿನಲ್ಲಿ ಮೂರು ದಿನಗಳ ಮಟ್ಟಿಗೆ ಊಟಿಗೆ ಬರುವ ಯೋಚನೆಯಿದೆ. ನಾವು ಗಂಡ ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಜೊತೆಗೆ ಮಂಡಿನೋವಿರುವ 72 ವರ್ಷದ ನಮ್ಮ ತಾಯಿ. ಕೆರೆಯ ದಡದಲ್ಲೇ ಕೋಣೆ ಹಿಡಿಯಬೇಕೆಂಬುದು ಮಕ್ಕಳ ಹಟ. ಯಾವ ದಾರಿಯಲ್ಲಿ ಬರಬೇಕು, ಗುಡ್ಡದ ರೈಲನ್ನು ಹತ್ತಲೇಬೇಕೇ, ಏನನ್ನು ನೋಡದೆ ಬಿಟ್ಟರೂ ನಷ್ಟವಿಲ್ಲ? ಅಲ್ಲಿಯೇ ನೆಲೆಸಿರುವವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಮೊದಲು ಕೆರೆಯ ವಿಷಯವನ್ನೇ ಮುಗಿಸಿಬಿಡೋಣ, ಏಕೆಂದರೆ ಊಟಿಗೆ ಬರುವ ಹೆಚ್ಚಿನವರ ಯೋಜನೆ ಕೆಡುವುದು ಅಲ್ಲಿಂದಲೇ. ಉದಕಮಂಡಲವೆಂಬ ಹೆಸರನ್ನು ಕೇಳಿದ ಕನ್ನಡಿಗರು ‘ಉದಕ’ ಎಂದರೆ ನೀರು, ಆದ್ದರಿಂದ ಕೆರೆಯಿಂದಲೇ ಊರಿಗೆ ಹೆಸರು ಬಂದಿರಬೇಕೆಂದು ಸಹಜವಾಗಿ ಊಹಿಸುತ್ತಾರೆ. ಆದರೆ ಹೆಸರು ಕೆರೆಗಿಂತ ಹಳೆಯದು. 1821ರಲ್ಲಿ ಮದ್ರಾಸಿನ ಪತ್ರಿಕೆಯೊಂದರಲ್ಲಿ ಅಚ್ಚಾದ ಪತ್ರದಲ್ಲಿ ‘ವೊಟೊಕಿಮಂಡ್’ ಎಂಬ ರೂಪದಲ್ಲಿ ಈ ಊರಿನ ಹೆಸರು ಆಗಲೇ ಬಂದಿದೆ. ಕೊಯಮತ್ತೂರಿನ ಕಲೆಕ್ಟರ್ ಆಗಿದ್ದ ಜಾನ್ ಸಲಿವನ್ ಬೆಟ್ಟದ ತೊರೆಗಳಿಗೆ ಒಡ್ಡು ಕಟ್ಟಿಸಿ ಕೆರೆ ಮಾಡಿಸಲು ತೊಡಗಿದ್ದು 1823ರಲ್ಲಿ. ಹೆಸರಿನ ಕೊನೆಯಲ್ಲಿರುವ ‘ಮಂಡ್’ ಎಂಬುದು ಎಮ್ಮೆ ಸಾಕುವ ತೋಡರ ಹಟ್ಟಿಗೆ ಇರುವ ಮಾತು, ನಮ್ಮ ‘ಮಂದೆ’ಯ ಹತ್ತಿರದ ನೆಂಟ. ಉದಕಮಂಡಲವೆಂಬುದು ಆಮೇಲೆ ಅದಕ್ಕೆ ತೊಡಿಸಿದ ಸಂಸ್ಕೃತದ ಅಂಗಿ.

ಈ ಕೆರೆ ಮೊದಲು ಇಂದಿಗಿಂತ ಬಹಳ ದೊಡ್ಡದಾಗಿತ್ತು. ಈಗ ನೀವು ಬಸ್ಸಿನಿಂದ ಇಳಿಯುವ ನಿಲ್ದಾಣ, ಅದರ ಪಕ್ಕದ ಕುದುರೆ ರೇಸಿನ ಮೈದಾನ, ಮಾರುಕಟ್ಟೆಯ ಭಾಗ ಇವೆಲ್ಲ ಕೆರೆಯ ಅಂಗಳವನ್ನು ತುಂಬಿಸಿ ಪಡೆದ ನೆಲವೇ. ಉಳಿದ ನೀರಿಗೆ ಊರಿನ ನಡುವೆ ಹರಿದುಬರುವ ಕೋಡಪ್ಪಮಂದಿನ ಕಾಲುವೆ ಬಂದು ಸೇರುತ್ತದೆ, ಅದರೊಂದಿಗೆ ಊರಿನ ಕೊಳಕೂ ಸೇರುತ್ತದೆ. ಆದ್ದರಿಂದ ಇದು ದೋಣಿಯಲ್ಲಿ ಒಂದು ಸುತ್ತು ಹೋಗಿ ಬರುವ ಕೆರೆಯೇ ಹೊರತು ಕಿಟಕಿ ತೆರೆದುಕೊಂಡು ಮೂರು ದಿನ ನೋಡುತ್ತ ಕೂರುವ ಕೆರೆಯಲ್ಲ. ರಜೆಯ ದಿನಗಳಲ್ಲಿ ಅದರ ದಡದ ರಸ್ತೆಯಷ್ಟು ಗದ್ದಲದ ಜಾಗ ಇಡೀ ನೀಲಗಿರಿಯಲ್ಲಿ ಇನ್ನೊಂದಿಲ್ಲ. ಕೋಣೆಯನ್ನು ಫರ್ನ್‌ಹಿಲ್ ಕಡೆಯೋ ಲವ್‌ಡೇಲ್ ಕಡೆಯೋ ಹಿಡಿಯಿರಿ. ಕೆರೆಗೆ ಕಾರಿನಲ್ಲಿ ಹೋಗಿಬರಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ, ರಾತ್ರಿ ನಿದ್ರೆಗೂ ತೊಂದರೆಯಿಲ್ಲ.

ಕೋಣೆ ಗೊತ್ತುಮಾಡುವಾಗ ಕಿಟಕಿಯ ನೋಟಕ್ಕಿಂತ ಮೂರು ಸಂಗತಿಗಳನ್ನು ಮುಖ್ಯವಾಗಿ ಕೇಳಬೇಕು: ತಾಯಿಯವರಿಗೆ ಮೆಟ್ಟಿಲು ಹತ್ತದೆ ಹೋಗುವಂತಹ ನೆಲಮಹಡಿಯ ಕೋಣೆ ಸಿಗುತ್ತದೆಯೇ, ಬಿಸಿನೀರು ದಿನವಿಡೀ ಬರುತ್ತದೆಯೇ, ತಲೆಗೆರಡರಂತೆ ಕಂಬಳಿ ಕೊಡುತ್ತಾರೆಯೇ. ಊಟಿ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಅಕ್ಟೋಬರಿನ ರಾತ್ರಿಯ ಚಳಿ 10 ಡಿಗ್ರಿಯ ಆಸುಪಾಸಿಗೆ ಇಳಿಯುವುದು ಸಾಮಾನ್ಯ, ಮತ್ತು ಇಲ್ಲಿನ ಬಹುಪಾಲು ವಸತಿಗೃಹಗಳಲ್ಲಿ ಕೋಣೆ ಬೆಚ್ಚಗಿಡುವ ಏರ್ಪಾಡಿರುವುದಿಲ್ಲ. ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳುತ್ತೇನೆ. ಚಳಿ ತಡೆಯಲಾರದೆ ಇದ್ದಿಲ ಕೆಂಡದ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಯೊಳಗೆ ತಂದಿಟ್ಟುಕೊಂಡು ಯಾರೂ ಮಲಗಬಾರದು. ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ವಿಷಾನಿಲವು ನಿದ್ರೆಯಲ್ಲಿಯೇ ಪ್ರಾಣ ತೆಗೆಯುತ್ತದೆ. ಯಾರಾದರೂ ಪ್ರೀತಿಯಿಂದ ತಂದುಕೊಟ್ಟರೂ ಬೇಡವೆನ್ನಿ, ಇನ್ನೊಂದು ಕಂಬಳಿ ಕೇಳಿ.

ಈಗ ದಾರಿಯ ಮಾತು. ತುಮಕೂರಿನಿಂದ ಒಂದೇ ಉಸಿರಿಗೆ ಊಟಿ ತಲುಪಬೇಕೆಂಬ ಹಟ ಬೇಡ. ಬಂಡೀಪುರದ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. 2009ರಿಂದ ಜಾರಿಯಲ್ಲಿರುವ ಈ ನಿಯಮದಿಂದ ಆಂಬ್ಯುಲೆನ್ಸಿಗೂ ಎಣಿಕೆಯ ಕೆಲವು ಬಸ್ಸುಗಳಿಗೂ ಮಾತ್ರ ವಿನಾಯಿತಿಯಿದೆ. ಹಿಂದಿನ ದಿನ ಸಂಜೆ ಮೈಸೂರಿನಲ್ಲೋ ನಂಜನಗೂಡಿನಲ್ಲೋ ಗುಂಡ್ಲುಪೇಟೆಯಲ್ಲೋ ತಂಗಿದ್ದು, ಗೇಟು ತೆರೆದ ಕೂಡಲೇ ಕಾಡು ಹೊಕ್ಕರೆ ಎರಡು ಲಾಭಗಳಿವೆ. ದಸರಾ ನೋಡಿ ಮೈಸೂರಿನಿಂದ ಹೊರಡುವ ವಾಹನಗಳ ಸಾಲಿಗಿಂತ ನೀವು ಮುಂದಿರುತ್ತೀರಿ. ಜೊತೆಗೆ ಜಿಂಕೆ, ಕಾಟಿ, ಅದೃಷ್ಟವಿದ್ದರೆ ಆನೆ, ರಸ್ತೆಯ ಬದಿಯಲ್ಲಿಯೇ ಕಾಣಸಿಗುವ ಹೊತ್ತು ಅದು. ಕಂಡರೆ ಕಾರಿನೊಳಗಿನಿಂದಲೇ ನೋಡಿ ಮುಂದೆ ಸಾಗಿ. ಇಳಿಯುವುದು, ತಿಂಡಿ ಎಸೆಯುವುದು, ಹಾರ್ನ್ ಹೊಡೆದು ಎಬ್ಬಿಸುವುದು ದಂಡಕ್ಕೆ ದಾರಿ, ಕೆಲವೊಮ್ಮೆ ದಂಡಕ್ಕಿಂತ ದೊಡ್ಡ ಆಪತ್ತಿಗೂ ದಾರಿ.

ತಮಿಳುನಾಡಿನ ಗಡಿ ದಾಟಿ ಮುದುಮಲೆಯ ತೆಪ್ಪಕಾಡಿಗೆ ಬಂದಾಗ ರಸ್ತೆ ಕವಲೊಡೆಯುತ್ತದೆ. ಮಸಿನಗುಡಿಯ ಮೂಲಕ ಕಲ್ಹಟ್ಟಿ ಘಾಟಿಯನ್ನು ಹತ್ತಿದರೆ ಊಟಿ ಇನ್ನು ಸುಮಾರು 36 ಕಿಲೋಮೀಟರ್. ಗೂಡಲೂರಿನ ಮೂಲಕ ಹೋದರೆ ಹೆಚ್ಚುಕಡಿಮೆ ಅದರ ಎರಡರಷ್ಟು. ಮೊಬೈಲಿನ ನಕ್ಷೆ ಮೊದಲನೆಯದನ್ನೇ ತೋರಿಸುತ್ತದೆ, ಆದರೆ ಅಲ್ಲಿ 36 ಹೇರ್‌ಪಿನ್ ತಿರುವುಗಳಿವೆ ಎಂಬುದನ್ನೂ, ಏರು ಎಷ್ಟು ಕಡಿದು ಎಂಬುದನ್ನೂ ಅದು ಹೇಳುವುದಿಲ್ಲ. ಬ್ರೇಕು ಕಾದು ಹಿಡಿತ ತಪ್ಪಿ ಅಲ್ಲಿ ಎಷ್ಟೋ ಅಪಘಾತಗಳಾಗಿವೆ. ಅದೇ ಕಾರಣಕ್ಕೆ ಹೊರಗಿನ ವಾಹನಗಳು ಊಟಿಯಿಂದ ಆ ಘಾಟಿಯಲ್ಲಿ ಇಳಿಯದಂತೆ ಪೊಲೀಸರು ತಡೆಯುತ್ತಾರೆ. ತಾಯಿಯವರೂ ಮಕ್ಕಳೂ ಇರುವ ನಿಮ್ಮ ಕಾರಿಗೆ ಹೋಗುವಾಗಲೂ ಬರುವಾಗಲೂ ಗೂಡಲೂರಿನ ದಾರಿಯೇ ಸರಿ.

ಆ ದಾರಿ ಉದ್ದವೆಂದು ಬೇಸರಪಡಬೇಕಾಗಿಲ್ಲ, ಏಕೆಂದರೆ ನಿಮ್ಮ ಮೊದಲ ದಿನದ ತಿರುಗಾಟ ಆ ದಾರಿಯಲ್ಲಿಯೇ ಮುಗಿಯುತ್ತದೆ. ಈ ಗುಡ್ಡಗಳನ್ನು ನೋಡಲು ನಾನು ಎಲ್ಲರಿಗೂ ಹೇಳುವ ಉಪಾಯ ಒಂದೇ: ನೋಡಬೇಕಾದ ಜಾಗಗಳ ಪಟ್ಟಿ ಹಿಡಿದುಕೊಂಡು ಓಡಾಡದೆ, ದಿನಕ್ಕೊಂದು ದಿಕ್ಕನ್ನು ಆರಿಸಿಕೊಳ್ಳಿ. ನೀಲಗಿರಿಗೆ ಎರಡು ಮುಖಗಳಿವೆ, ಎರಡು ಮಳೆಗಾಲಗಳಿವೆ. ಪಡುವಣ ಮುಖವಾದ ಗೂಡಲೂರು, ನಡುವಟ್ಟಂ, ಪೈಕಾರ, ಅವಲಾಂಚಿ ಜೂನಿನಿಂದ ಆಗಸ್ಟಿನವರೆಗಿನ ಮುಂಗಾರಿನ ಹೊಡೆತವನ್ನು ತಿನ್ನುತ್ತವೆ. ಅವಲಾಂಚಿಯಲ್ಲಿ 2019ರ ಆಗಸ್ಟಿನಲ್ಲಿ ಒಂದೇ ದಿನದಲ್ಲಿ 900 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ಮೂಡಣ ಮುಖವಾದ ಕುನ್ನೂರು, ಕೋತಗಿರಿಗಳಿಗೆ ಅಕ್ಟೋಬರ್, ನವೆಂಬರಿನ ಹಿಂಗಾರೇ ಹಿರಿಯ ಮಳೆ. ನೀವು ಬರುವ ಹೊತ್ತಿಗೆ ಪಡುವಣದ ಕೆರೆಗಳು ತುಂಬಿ, ಹುಲ್ಲುಗಾವಲು ತೊಳೆದಿಟ್ಟಂತೆ ಹಸಿರಾಗಿರುತ್ತದೆ. ಮೂಡಣದಲ್ಲಿ ಮಧ್ಯಾಹ್ನದ ಮೇಲೆ ಮೋಡ ಕವಿಯುವ ಸಂಭವ ಹೆಚ್ಚು. ಆದ್ದರಿಂದ ಪಡುವಣಕ್ಕೆ ಯಾವ ಹೊತ್ತಿಗೆ ಹೋದರೂ ಆದೀತು, ಮೂಡಣಕ್ಕೆ ಮಾತ್ರ ಬೆಳಗಿನಲ್ಲಿಯೇ ಹೋಗಬೇಕು.

ಗೂಡಲೂರಿನಿಂದ ಏರುತ್ತ ಬಂದರೆ ಮೊದಲು ನಡುವಟ್ಟಂ ಸಿಗುತ್ತದೆ. ಈಗ ಇಲ್ಲಿ ಕಾಣುವುದು ಚಹಾ ತೋಟ, ಆದರೆ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಮಲೇರಿಯಾ ಜ್ವರಕ್ಕೆ ಮದ್ದಾದ ಕ್ವಿನೈನಿಗಾಗಿ ಸಿಂಕೋನ ಮರಗಳನ್ನು ಬೆಳೆಸಿದ್ದ ಜಾಗಗಳಲ್ಲಿ ಇದೂ ಒಂದು. ಆ ತೋಟಗಳ ಉಸ್ತುವಾರಿ ವಹಿಸಿದ್ದವರು ವಿಲಿಯಂ ಗ್ರಹಾಂ ಮ್ಯಾಕ್‌ಐವರ್. ಊಟಿಯ ಸಸ್ಯೋದ್ಯಾನವನ್ನು 1848ರಿಂದ ಮೊದಲ್ಗೊಂಡು ರೂಪಿಸಿದವರೂ ಅವರೇ. ಅಲ್ಲಿಂದ ಮುಂದೆ, ಊಟಿಗೆ ಇನ್ನು 20 ಕಿಲೋಮೀಟರ್ ಇರುವಾಗ ಪೈಕಾರ. ಮಕ್ಕಳಿಗೆ ದೋಣಿವಿಹಾರ ಬೇಕಿದ್ದರೆ ಅದಕ್ಕೆ ತಕ್ಕ ನೀರು ಇದು. ಇದೂ ಒಡ್ಡು ಕಟ್ಟಿ ನಿಲ್ಲಿಸಿದ ನೀರೇ, 1932ರಲ್ಲಿ ಇಲ್ಲಿನ ಜಲವಿದ್ಯುತ್ ಕೇಂದ್ರ ಕೆಲಸಕ್ಕೆ ತೊಡಗಿತು. ಆದರೆ ದಡದ ಸುತ್ತ ಅಂಗಡಿಸಾಲಿಲ್ಲ, ಕಾಡು ನೀರಿನ ಅಂಚಿನವರೆಗೆ ಇಳಿದುಬಂದಿದೆ. ಪೈಕಾರ ಹೊಳೆಯನ್ನು ತೋಡರು ಪೂಜ್ಯವೆಂದು ಕಾಣುತ್ತಾರೆ. ಜಲಪಾತಕ್ಕೆ ಹೋಗಬೇಕಾದರೆ ಕಾರು ನಿಲ್ಲಿಸಿ ನಡೆಯಬೇಕು. ಮಕ್ಕಳು ಹೋಗಿಬರಲಿ, ತಾಯಿಯವರಿಗೆ ದೋಣಿಮನೆಯ ಬಳಿ ಕುಳಿತುಕೊಳ್ಳುವುದೇ ಹಿತ.

ಎರಡನೆಯ ದಿನ ಮೂಡಣಕ್ಕೆ, ಅಂದರೆ ರೈಲಿನ ಕಡೆಗೆ. ಈ ರೈಲಿನ ವಿಷಯದಲ್ಲಿ ತಪ್ಪು ತಿಳಿವಳಿಕೆ ಬಹಳವಿರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಹಳಿ ಮೆಟ್ಟುಪಾಳ್ಯದಿಂದ ಊಟಿಯವರೆಗೆ ಒಟ್ಟು 46 ಕಿಲೋಮೀಟರ್. 1899ರಲ್ಲಿ ಕುನ್ನೂರಿನವರೆಗೆ, 1908ರಲ್ಲಿ ಊಟಿಯವರೆಗೆ ಅದು ಬಂತು. 2005ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಯನ್ನು ಸೇರಿತು. ಈ ರೈಲಿಗೆ ಹೆಸರು ತಂದದ್ದು ಕಲ್ಲಾರಿನಿಂದ ಕುನ್ನೂರಿನವರೆಗಿನ ಏರು. ಅಲ್ಲಿ ಪ್ರತಿ 12 ಅಡಿಗೆ ಒಂದು ಅಡಿಯಷ್ಟು ಏರಿರುವುದರಿಂದ ಬರಿಯ ಚಕ್ರದ ಹಿಡಿತ ಸಾಲದು. ಎರಡು ಹಳಿಗಳ ನಡುವೆ ಹಲ್ಲಿನ ಪಟ್ಟಿಯನ್ನು ಕೂರಿಸಲಾಗಿದ್ದು, ಎಂಜಿನ್ನಿನ ಅಡಿಯಲ್ಲಿರುವ ಹಲ್ಲುಚಕ್ರ ಅದನ್ನು ಕಚ್ಚಿ ಮೇಲೇರುತ್ತದೆ. ಎಂಜಿನ್ ಎಳೆಯುವುದಿಲ್ಲ, ಬೋಗಿಗಳ ಕೆಳತುದಿಯಲ್ಲಿ ನಿಂತು ನೂಕುತ್ತದೆ, ಅಕಸ್ಮಾತ್ ಏನಾದರೂ ಸಡಿಲಿದರೂ ಬೋಗಿಗಳು ಕೆಳಕ್ಕೆ ಜಾರಿ ಹೋಗದಿರಲೆಂದು. ಹಬೆ ಎಂಜಿನ್ನಿನ ಸದ್ದು, ಸುರಂಗದ ಕತ್ತಲೆ, ಕಮರಿಯ ಮೇಲಿನ ಸೇತುವೆ ಎಂದು ಜನ ಬಣ್ಣಿಸುವುದೆಲ್ಲ ಹೆಚ್ಚಾಗಿ ಈ ಭಾಗದಲ್ಲಿಯೇ ಇರುವುದು.

ನೀವು ಮೈಸೂರಿನ ಕಡೆಯಿಂದ ಬರುವವರಾದ್ದರಿಂದ ಮೆಟ್ಟುಪಾಳ್ಯಕ್ಕೆ ಇಳಿದು, ಬೆಳಿಗ್ಗೆ ಏಳು ಗಂಟೆಯ ಹೊತ್ತಿಗೆ ಹೊರಡುವ ರೈಲು ಹಿಡಿದು, ಐದು ಗಂಟೆ ಕೂತು ಊಟಿಗೆ ಮರಳುವುದೆಂದರೆ ಮೂರು ದಿನಗಳಲ್ಲಿ ಒಂದೂವರೆ ದಿನ ಅದಕ್ಕೇ ಹೋಗುತ್ತದೆ. ಅಲ್ಲದೆ ಹಿಂಗಾರು ಬಿರುಸಾದಾಗ ಹಳಿಯ ಮೇಲೆ ಮಣ್ಣು ಕುಸಿದು ಆ ಭಾಗದ ರೈಲು ರದ್ದಾಗುವುದು ಇಲ್ಲಿನವರಿಗೆ ಹೊಸತಲ್ಲ. ಊಟಿಯಿಂದ ಕುನ್ನೂರಿಗೆ ಓಡುವ ರೈಲಿನಲ್ಲಿ ಹೋದರೆ ಸಾಕು. ಈ ಭಾಗದಲ್ಲಿ ಹಲ್ಲಿನ ಪಟ್ಟಿಯಿಲ್ಲ, ಎಂಜಿನ್ ಡೀಸೆಲ್‌ನದು, ಇದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಿ. ಆದರೂ ಲವ್‌ಡೇಲ್ ದಾಟಿದ ಮೇಲೆ ತೆರೆದುಕೊಳ್ಳುವ ಕೆತ್ತಿಯ ಕಣಿವೆ, ಅದರ ಇಳುಕಲಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬೆಳೆದ ಕ್ಯಾರೆಟ್ಟಿನ ಹೊಲಗಳು, ನಡುನಡುವೆ ಸಾಲಾಗಿ ಮನೆಗಳಿರುವ ಬಡಗರ ಹಟ್ಟಿಗಳು ಕಣ್ಣಿಗೆ ಹಬ್ಬ. ಕಾಯ್ದಿರಿಸುವ ಆಸನಗಳು ರಜೆಯಲ್ಲಿ ಬೇಗ ಮುಗಿಯುವುದರಿಂದ ದಿನ ನಿಶ್ಚಯವಾದ ಕೂಡಲೇ ರೈಲ್ವೆಯ ಜಾಲತಾಣದಲ್ಲಿ ಟಿಕೆಟ್ಟು ತೆಗೆದಿಡಿ. ನಿಮ್ಮಲ್ಲೊಬ್ಬರು ಕಾರನ್ನು ರಸ್ತೆಯಿಂದ ಕುನ್ನೂರಿಗೆ ತಂದು ನಿಲ್ದಾಣದಲ್ಲಿ ಕಾದಿದ್ದರೆ, ಉಳಿದವರು ಒಂದು ಕಡೆಯ ರೈಲು ಪ್ರಯಾಣವನ್ನಷ್ಟೇ ಸವಿದು, ಅಲ್ಲಿಂದ 1874ರಲ್ಲಿ ಆರಂಭವಾದ ಸಿಮ್ಸ್ ಪಾರ್ಕಿಗೂ ಡಾಲ್ಫಿನ್ಸ್ ನೋಸ್ ನೋಟದ ತಾಣಕ್ಕೂ ಕಾರಿನಲ್ಲಿ ಹೋಗಬಹುದು. ಸಿಮ್ಸ್ ಪಾರ್ಕು ತಗ್ಗಿಗೆ ಇಳಿಯುತ್ತ ಹೋಗುವ ತೋಟ; ತಾಯಿಯವರು ಮೇಲಿನ ದೊಡ್ಡ ಮರಗಳ ನೆರಳಿನಲ್ಲಿಯೇ ಉಳಿಯಲಿ.

ಅದೇ ದಿನ ದೊಡ್ಡಬೆಟ್ಟವನ್ನೂ ಸೇರಿಸಬಹುದೇ ಎಂದು ನೀವು ಕೇಳದಿದ್ದರೂ ಮಕ್ಕಳು ಕೇಳುತ್ತಾರೆ. 2,637 ಮೀಟರ್ ಎತ್ತರದ ಆ ಬೆಟ್ಟ ನೀಲಗಿರಿಗೆಲ್ಲ ಹಿರಿದು, ಮೇಲಿನವರೆಗೂ ಕಾರು ಹೋಗುತ್ತದೆ. ಆದರೆ ಅಲ್ಲಿ ನೋಡಲು ಸಿಗುವುದು ನೋಟ ಮಾತ್ರ, ಮಂಜು ಮುಸುಕಿದರೆ ಅದೂ ಇಲ್ಲ. ಬೆಳಿಗ್ಗೆ ಎದ್ದಾಗ ಆಕಾಶ ತಿಳಿಯಾಗಿದ್ದರೆ ರೈಲಿಗೆ ಮುಂಚೆ ಹೋಗಿಬನ್ನಿ, ಇಲ್ಲವಾದರೆ ಬಿಟ್ಟುಬಿಡಿ. ನನ್ನ ಸ್ವಂತ ಒಲವು ಕೋತಗಿರಿಯ ಕಡೆಗೆ ಎಂಬುದನ್ನೂ ಮುಚ್ಚಿಡುವುದಿಲ್ಲ. ಕೋತಗಿರಿಗೆ ಹತ್ತಿರದ ಕನ್ನೇರಿಮುಕ್ಕಿನಲ್ಲಿ, ಊಟಿಯನ್ನು ಕಾಣುವ ಮೊದಲೇ ಸಲಿವನ್ ಕಟ್ಟಿಸಿಕೊಂಡ ಬಂಗಲೆಯಿದೆ. ಇನ್ನೂ ಮುಂದಿರುವ ಕೊಡನಾಡಿನ ನೋಟದ ತಾಣದಿಂದ ಮೋಯಾರಿನ ಕಮರಿಯೂ ಅದರಾಚೆ ನಮ್ಮ ಮೈಸೂರು ಸೀಮೆಯ ಬಯಲೂ ಕಾಣುತ್ತವೆ. ಆದರೆ ಕುನ್ನೂರು, ಕೋತಗಿರಿ ಎರಡನ್ನೂ ಒಂದೇ ದಿನಕ್ಕೆ ತುರುಕಿದರೆ ದಿನವೆಲ್ಲ ತಿರುವುಗಳಲ್ಲೇ ಕಳೆದು, ಸಂಜೆಗೆ ಮಕ್ಕಳ ಹೊಟ್ಟೆಯೂ ದೊಡ್ಡವರ ಮನಸ್ಸೂ ಕೆಡುತ್ತವೆ. ಅದು ಇನ್ನೊಂದು ಸಲಕ್ಕಿರಲಿ. ಅವಲಾಂಚಿಯೂ ಹಾಗೆಯೇ, ಚೆಲುವಿನಲ್ಲಿ ಎಲ್ಲಕ್ಕಿಂತ ಮಿಗಿಲಾದರೂ, ಒಳಗಾಡಿಗೆ ಅರಣ್ಯ ಇಲಾಖೆಯ ವಾಹನದಲ್ಲಿಯೇ ಹೋಗಬೇಕು, ಆ ಕುಲುಕಾಟ ಮಂಡಿನೋವಿನವರಿಗೆ ಹೇಳಿಸಿದ್ದಲ್ಲ.

ಈ ಗುಡ್ಡಗಳ ಊರುಗಳ ಹೆಸರನ್ನು ಓದುತ್ತ ಹೋಗುವಾಗ ಕನ್ನಡನಾಡಿನಲ್ಲಿಯೇ ಇದ್ದಂತೆ ನಿಮಗೆ ಅನಿಸಿದರೆ ಅದಕ್ಕೆ ಕಾರಣವಿದೆ. ದೊಡ್ಡಬೆಟ್ಟ, ಕಲ್ಹಟ್ಟಿ ಎಂಬ ಹೆಸರುಗಳು ಬಡಗರ ಬಾಯಿಂದ ಬಂದವು. ಬಡಗಣವೆಂದರೆ ಉತ್ತರದಿಕ್ಕು, ಉತ್ತರದ ಮೈಸೂರು ಸೀಮೆಯಿಂದ ಕೆಲವು ಶತಮಾನಗಳ ಹಿಂದೆ ಇಲ್ಲಿಗೆ ಬಂದು ನೆಲೆಸಿದವರೆಂಬುದನ್ನು ಅವರ ಹೆಸರೇ ಹೇಳುತ್ತದೆ. ಅವರ ನುಡಿಗೂ ನಮ್ಮ ಕನ್ನಡಕ್ಕೂ ಹತ್ತಿರದ ನಂಟು, ನಿಧಾನವಾಗಿ ಮಾತಾಡಿದರೆ ಇಬ್ಬರಿಗೂ ಅರ್ಥವಾಗುತ್ತದೆ. ಆದರೆ ‘ನಿಮ್ಮದು ಒಂದು ಬಗೆಯ ಕನ್ನಡವಲ್ಲವೇ’ ಎಂದು ಮಾತ್ರ ಕೇಳಬೇಡಿ. ಅದು ತನ್ನದೇ ಜಾಯಮಾನವುಳ್ಳ ಬೇರೆ ನುಡಿಯೆಂಬುದೇ ಈಗಿನ ಭಾಷಾವಿಜ್ಞಾನಿಗಳ ಎಣಿಕೆ, ಬಡಗರ ಅಭಿಮಾನವೂ ಅದೇ. ಅವರ ಮನೆಯ ಅವರೆ ಉದಕವನ್ನು, ಅಂದರೆ ಅವರೆಕಾಳಿನ ಸಾರನ್ನು, ಉಣ್ಣುವ ಅವಕಾಶ ಒದಗಿದರೆ ಹೋಟೆಲಿನ ಊಟವನ್ನು ಧಾರಾಳವಾಗಿ ಬಿಟ್ಟುಕೊಡಬಹುದು.

ಮೂರನೆಯ ದಿನವನ್ನು ಊರಿನೊಳಗೆ ಕಳೆಯಿರಿ. ಸಸ್ಯೋದ್ಯಾನಕ್ಕೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಸುಮಾರು 55 ಎಕರೆಯ ಈ ತೋಟ ಗುಡ್ಡದ ಇಳುಕಲಿನಲ್ಲಿ ಮೇಲೇರುತ್ತ ಹೋಗುತ್ತದೆ. ಕೆಳಗಿನ ಹುಲ್ಲುಹಾಸು, ಗಾಜಿನ ಮನೆ, 2 ಕೋಟಿ ವರ್ಷಗಳಷ್ಟು ಹಳೆಯದೆಂದು ಗುರುತಿಸಿರುವ ಕಲ್ಲಾದ ಮರದ ಕಾಂಡ ಇಷ್ಟನ್ನು ತಾಯಿಯವರೂ ನಿಧಾನವಾಗಿ ನೋಡಬಹುದು. ತೋಟದ ಮೇಲಿನ ಅಂಚಿನಲ್ಲಿ ತೋಡರ ಮಂದು ಇದೆ. ಅದು ಪ್ರದರ್ಶನದ ವಸ್ತುವಲ್ಲ, ಜನ ಬಾಳುತ್ತಿರುವ ಜಾಗ. ಒಪ್ಪಿಗೆಯಿಲ್ಲದೆ ಫೋಟೊ ತೆಗೆಯುವುದು, ಅವರ ಗುಡಿಯ ಹತ್ತಿರ ಹೋಗುವುದು ಸಲ್ಲದು. ಅವರ ಹೆಂಗಸರು ಬಿಳಿಯ ಬಟ್ಟೆಯ ಮೇಲೆ ಕೆಂಪು, ಕಪ್ಪು ನೂಲಿನಲ್ಲಿ ಹಾಕುವ ಕಸೂತಿಯನ್ನು ಕೊಳ್ಳುವುದಾದರೆ ಅವರಿಂದಲೇ ಕೊಳ್ಳಿ, ಚೌಕಾಸಿ ಬೇಡ. ಗುಲಾಬಿ ತೋಟ ಹಂತ ಹಂತವಾಗಿ ಇಳಿಯುವಂಥದ್ದು, ಇಳಿದವರು ಮತ್ತೆ ಹತ್ತಲೇಬೇಕು. ಅದನ್ನು ಕೈಬಿಟ್ಟು, ಕರ್ನಾಟಕ ತೋಟಗಾರಿಕೆ ಇಲಾಖೆಯವರು ಫರ್ನ್‌ಹಿಲ್‌ನಲ್ಲಿ ನಡೆಸುವ ಕರ್ನಾಟಕ ಸಿರಿ ಉದ್ಯಾನವನ್ನು ಒಂದು ಗಳಿಗೆ ನೋಡಿ. ಮೈಸೂರಿನ ಒಡೆಯರ ಬೇಸಿಗೆಯ ಅರಮನೆಯೂ ಆ ಫರ್ನ್‌ಹಿಲ್‌ನಲ್ಲಿಯೇ ಇದೆ.

ಸಮಯ ಉಳಿದರೆ ಸಂತ ಸ್ಟೀಫನ್ನರ ಚರ್ಚಿನೊಳಗೆ ಹತ್ತು ನಿಮಿಷ ನಿಂತು ತಲೆಯೆತ್ತಿ ನೋಡಿ. 1829ರಲ್ಲಿ ಅಡಿಗಲ್ಲು ಹಾಕಿ ಮರುವರ್ಷ ಮುಗಿಸಿದ ಈ ಕಟ್ಟಡದ ದೊಡ್ಡ ತೊಲೆಗಳು ಶ್ರೀರಂಗಪಟ್ಟಣದಲ್ಲಿದ್ದ ಟಿಪ್ಪು ಸುಲ್ತಾನನ ಅರಮನೆಯಿಂದ ಕಿತ್ತು ತಂದವು. ನೀವು ಕಾರಿನಲ್ಲಿ ಬಂದ ದೂರವನ್ನು ಆ ಮರಗಳು ರಸ್ತೆಯೇ ಇಲ್ಲದ ಕಾಲದಲ್ಲಿ ಏರಿ ಬಂದಿವೆ.

ಕೊಳ್ಳುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪದರ ಪದರವಾಗಿ ಬೇಯಿಸಿದ ಊಟಿಯ ವರ್ಕಿಗೆ 2023ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಬೇಕರಿಯಲ್ಲಿ ಅಂದಂದೇ ತೆಗೆದದ್ದನ್ನು ಕೇಳಿ ಕೊಳ್ಳಿ. ಚಾಕೊಲೇಟು ಗುಂಡ್ಲುಪೇಟೆಯ ಬಿಸಿಲಿಗೆ ಬರುವಷ್ಟರಲ್ಲಿ ಕರಗುತ್ತದೆ. ನೀಲಗಿರಿ ಎಣ್ಣೆಯಲ್ಲಿ ಕಲಬೆರಕೆ ಬಹಳ, ದಾರಿಬದಿಯ ಸೀಸೆಗಳನ್ನು ನಂಬಬೇಡಿ. (ಆಸ್ಟ್ರೇಲಿಯಾದಿಂದ ಸೌದೆಗೆಂದು ತಂದು ನೆಟ್ಟ ಮರಕ್ಕೆ ನಾವು ಕನ್ನಡಿಗರು ಈ ಬೆಟ್ಟದ ಹೆಸರನ್ನೇ ಕೊಟ್ಟುಬಿಟ್ಟಿದ್ದೇವೆ, ಇಲ್ಲಿನ ಹುಟ್ಟುಕಾಡಾದ ಶೋಲಾದಲ್ಲಿ ಆ ಮರಕ್ಕೆ ಎಡೆಯೇ ಇರಲಿಲ್ಲ.)

ಹೊರಡುವ ಮುನ್ನ ಮನೆಯಲ್ಲಿಯೇ ಮುಗಿಸಬೇಕಾದ ಕೆಲಸವೊಂದಿದೆ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ನೀಲಗಿರಿಗೆ ಬರುವ ಹೊರಗಿನ ವಾಹನಗಳಿಗೆ ಇ-ಪಾಸ್ ಬೇಕು. 2025ರ ಬೇಸಿಗೆಯಲ್ಲಿ ವಾರದ ದಿನಗಳಿಗೆ 6,000, ವಾರಾಂತ್ಯಕ್ಕೆ 8,000 ವಾಹನಗಳೆಂಬ ಮಿತಿಯನ್ನೂ ಹಾಕಲಾಯಿತು. ನಿಯಮಗಳು ಕಾಲಕಾಲಕ್ಕೆ ಬದಲಾಗುವುದರಿಂದ ಹೊರಡುವ ವಾರದಲ್ಲಿ ತಮಿಳುನಾಡು ಸರ್ಕಾರದ ಇ-ಪಾಸ್ ತಾಣವನ್ನು ನೋಡಿ, ಕಾರಿನ ನೋಂದಣಿ ಸಂಖ್ಯೆ ಕೊಟ್ಟು ಪಾಸನ್ನು ತೆಗೆದಿಟ್ಟುಕೊಳ್ಳಿ. ನೀರು ತುಂಬಿದ ಪ್ಲಾಸ್ಟಿಕ್ ಬಾಟಲಿಗಳನ್ನು ತರಬೇಡಿ, ಜಿಲ್ಲೆಯಲ್ಲಿ ಅವುಗಳಿಗೆ ನಿಷೇಧವಿದೆ, ತಪಾಸಣೆಯ ಗೇಟಿನಲ್ಲಿಯೇ ಕಿತ್ತುಕೊಳ್ಳುತ್ತಾರೆ. ಸ್ಟೀಲಿನ ಬಾಟಲಿಗಳಿದ್ದರೆ ಊರಿನ ನೀರಿನ ಯಂತ್ರಗಳಲ್ಲಿ ತುಂಬಿಸಿಕೊಳ್ಳಬಹುದು. ಮಕ್ಕಳಿಗೆ ಸ್ವೆಟರಿನ ಜೊತೆ ಛತ್ರಿಯನ್ನೂ ತನ್ನಿ, ಈ ತಿಂಗಳಲ್ಲಿ ಎರಡೂ ಒಂದೇ ದಿನ ಬೇಕಾಗುತ್ತವೆ.

ಮಕ್ಕಳ ಕೆರೆಯನ್ನು ನಾನು ಮರೆತಿಲ್ಲ. ಪೈಕಾರದ ದೋಣಿಯಲ್ಲಿ ತೃಪ್ತಿಯಾಗದಿದ್ದರೆ ಮೂರನೆಯ ದಿನ ಸಸ್ಯೋದ್ಯಾನ ಮುಗಿಸಿ, ನೂಕುನುಗ್ಗಲು ಏರುವ ಮೊದಲೇ ದೋಣಿಮನೆಗೆ ಹೋಗಿ ಪೆಡಲ್ ದೋಣಿಯಲ್ಲಿ ಅರ್ಧ ಗಂಟೆ ಕಳೆಯಲಿ. ಆದರೆ ಮಧ್ಯಾಹ್ನ ಒಂದು ಗಂಟೆಯ ಮೇಲೆ ಊಟಿಯಲ್ಲಿ ನಿಲ್ಲಬೇಡಿ. ಗೂಡಲೂರಿನ ಇಳಿಜಾರನ್ನು ಎರಡನೆಯ ಗೇರಿನಲ್ಲಿ, ಬ್ರೇಕಿನ ಮೇಲೆ ಕಾಲೂರದೆ, ಏರಿ ಬರುವ ವಾಹನಗಳಿಗೆ ದಾರಿ ಬಿಟ್ಟುಕೊಡುತ್ತ ಇಳಿಯಬೇಕು; ಅದಕ್ಕೆ ಹೊತ್ತು ಹಿಡಿಯುತ್ತದೆ. ಮುದುಮಲೆ, ಬಂಡೀಪುರಗಳನ್ನು ಬೆಳಕಿರುವಾಗಲೇ ದಾಟಿ, ಸಂಜೆಯ ಕಾಫಿಯನ್ನು ಗುಂಡ್ಲುಪೇಟೆಯಲ್ಲಿ ಕುಡಿಯುವಂತೆ ಲೆಕ್ಕ ಹಾಕಿಕೊಳ್ಳಿ.